ಸೂಟು, ಟೈ ಮತ್ತು ಮುಂದಿನ ಬ್ರೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ಭಾನುವಾರದ ಚಾರಿಟಿ ರೈಡಿಗೆ ಹೆಸರು ಕೊಟ್ಟವರೆಲ್ಲ ಇಲ್ಲಿದ್ದೀರಿ. ಹೊರಗೆ ನಿಲ್ಲಿಸಿರುವ ಗಾಡಿಗಳನ್ನೆಲ್ಲ ನೋಡಿಕೊಂಡೇ ಒಳಗೆ ಬಂದೆ. ಜಾವಾ, ಯೆಜ್ಡಿಗಳೇ ಜಾಸ್ತಿ. ಮೈಸೂರು ಅಲ್ವಾ, ಇರಲೇಬೇಕು. ಈ ಗಾಡಿಗಳನ್ನು ಮಾಡುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು, ಅದರ ಹೊಗೆ ಮಾತ್ರ ಇನ್ನೂ ಈ ಊರು ಬಿಟ್ಟು ಹೋಗಿಲ್ಲ.

ಇಂಥ ರೈಡುಗಳಲ್ಲಿ ದೊಡ್ಡ ಹೆಸರು ಡಿಸ್ಟಿಂಗ್ವಿಶ್ಡ್ ಜಂಟಲ್‌ಮನ್ಸ್ ರೈಡ್. 2012ರಲ್ಲಿ ಸಿಡ್ನಿಯಲ್ಲಿ ಮಾರ್ಕ್ ಹವ್ವಾ ಶುರು ಮಾಡಿದ್ದು. ಸೂಟು, ಟೈ ಹಾಕಿಕೊಂಡು ಹಳೇ ಕಾಲದ ಗಾಡಿಗಳಲ್ಲಿ ಊರು ಸುತ್ತುವುದು. ಪ್ರತಿಯೊಬ್ಬ ಸವಾರನೂ ತನ್ನ ಸ್ನೇಹಿತರಿಂದ, ನೆಂಟರಿಂದ ದುಡ್ಡು ಎತ್ತುತ್ತಾನೆ. ಅದು ಪ್ರಾಸ್ಟೇಟ್ ಕ್ಯಾನ್ಸರ್ ಸಂಶೋಧನೆಗೆ, ಗಂಡಸರ ಮಾನಸಿಕ ಆರೋಗ್ಯದ ಕೆಲಸಕ್ಕೆ ಹೋಗುತ್ತದೆ. ಈಗ ನಮ್ಮ ಬೆಂಗಳೂರಿನಲ್ಲೂ ನಡೆಯುತ್ತದೆ. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆದರೆ ಸೂಟಿನ ಬಟ್ಟೆ ಟಾರು ರಸ್ತೆಗೆ ಉಜ್ಜಿದರೆ ಎಷ್ಟು ಹೊತ್ತು ತಡೆಯುತ್ತದೆ, ಹೇಳಿ? ನೀವು ಪಂಚೆ ಉಡಿ, ಪೇಟ ಕಟ್ಟಿ ಫೋಟೋ ತೆಗೆಸಿಕೊಳ್ಳಿ. ಗಾಡಿ ಹತ್ತುವಾಗ ಮಾತ್ರ ಐಎಸ್‌ಐ ಗುರುತಿನ ಹೆಲ್ಮೆಟ್ಟು, ಕೈಗೆ ಗ್ಲೌಸು ಇರಲಿ. ಬೀಳುವವನು ಮೊದಲು ನೆಲಕ್ಕೆ ಊರುವುದು ಅಂಗೈಯನ್ನೇ.

ಈ ರೈಡುಗಳಲ್ಲಿ ಯಾರೂ ಜೋರಾಗಿ ಓಡಿಸುವುದಿಲ್ಲ. ಅದಕ್ಕೇ ಏನೂ ಆಗಲ್ಲ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ರೈಡು. ನನ್ನದು ಯೆಜ್ಡಿ ರೋಡ್‌ಕಿಂಗ್, ಎರಡೂ ಚಕ್ರಕ್ಕೆ ಹಳೇ ಕಾಲದ ಡ್ರಮ್ ಬ್ರೇಕು. ಮುಂದೆ ಒಬ್ಬ ಹುಡುಗ, ಹೊಸ ಗಾಡಿ, ಡಿಸ್ಕ್ ಬ್ರೇಕು, ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ಸು. ರಸ್ತೆ ಪಕ್ಕ ಹಾರ ಹಿಡಿದು ನಿಂತವರನ್ನು ನೋಡಿದವನೇ ಗಕ್ಕನೆ ನಿಲ್ಲಿಸಿಬಿಟ್ಟ. ನಾನು ಆಗ ಎಡಗೈಯಲ್ಲಿ ಜನಕ್ಕೆ ಟಾಟಾ ಮಾಡುತ್ತಿದ್ದೆ. ಬಲಗಾಲು ತಾನಾಗಿ ಹಿಂದಿನ ಬ್ರೇಕನ್ನು ಒತ್ತಿ ತುಳಿಯಿತು. ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡಡ್ಡ ಜಾರಿತು. ಸ್ಪೀಡು 30 ಕೂಡ ಇರಲಿಲ್ಲ. ಮಣಿಕಟ್ಟಿನ ಮೂಳೆ ಮುರಿಯಿತು. ಆ ರೈಡಿಗೆ ನಾನು ಎತ್ತಿದ್ದ ದುಡ್ಡಿಗಿಂತ ಆಸ್ಪತ್ರೆ ಬಿಲ್ಲು ಜಾಸ್ತಿ ಆಯಿತು. ಹಾರ ಆ ಹುಡುಗನ ಕೊರಳಿಗೇ ಬಿತ್ತು ಅನ್ನಿ.

ತಪ್ಪು ಯಾರದು? ಅವನದ್ದೂ ಇತ್ತು. ಆದರೆ ಅವನಿಗೂ ನನಗೂ ನಡುವೆ ನಾಲ್ಕು ಮೀಟರ್ ಜಾಗ ಇತ್ತೇನೋ. 30ರ ಸ್ಪೀಡಿನಲ್ಲಿ ಗಾಡಿ ಒಂದು ಸೆಕೆಂಡಿಗೆ 8 ಮೀಟರಿಗಿಂತ ಜಾಸ್ತಿ ಹೋಗುತ್ತದೆ. ಕಣ್ಣಿಗೆ ಕಂಡು, ತಲೆಗೆ ಹೊಳೆದು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಹೆಚ್ಚುಕಮ್ಮಿ ಆ ಸೆಕೆಂಡು ಮುಗಿದಿರುತ್ತದೆ. ಲೆಕ್ಕ ಮೊದಲೇ ತಪ್ಪಿತ್ತು.

ನನಗೆ ಗಾಡಿ ಕಲಿಸಿದ್ದು ನಮ್ಮ ಚಿಕ್ಕಪ್ಪ. "ಮುಂದಿನ ಬ್ರೇಕ್ ಮುಟ್ಟಬೇಡ ಕಣೋ, ಪಲ್ಟಿ ಹೊಡೀತೀಯ" ಅನ್ನುವುದು ಅವರ ಮೊದಲ ಪಾಠ. ನಿಮ್ಮಲ್ಲೂ ಎಷ್ಟೋ ಜನಕ್ಕೆ ಇದೇ ಪಾಠ ಆಗಿದೆ, ನಗು ನೋಡಿದರೇ ಗೊತ್ತಾಗುತ್ತದೆ. ಅಮೆರಿಕದಲ್ಲಿ ಹ್ಯಾರಿ ಹರ್ಟ್ ಅನ್ನುವವರು ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ತನಿಖೆ ಮಾಡಿಸಿ 1981ರಲ್ಲಿ ವರದಿ ಕೊಟ್ಟರು. ಅಪಘಾತವಾದ ಸವಾರರಲ್ಲಿ 92% ಜನ ತಾವೇ ಕಲಿತವರು, ಇಲ್ಲ ಮನೆಯವರಿಂದ, ಸ್ನೇಹಿತರಿಂದ ಕಲಿತವರು. ಗಾಬರಿಯಲ್ಲಿ ಹಿಂದಿನ ಬ್ರೇಕನ್ನು ಅತಿಯಾಗಿ ತುಳಿಯುತ್ತಾರೆ, ಮುಂದಿನದನ್ನು ಸಾಕಷ್ಟು ಹಿಡಿಯುವುದಿಲ್ಲ ಅಂತಲೂ ಅದರಲ್ಲಿದೆ. ಯಾರೋ ನಮ್ಮ ಮನೆ ಜಗಲಿ ಮೇಲೆ ಕೂತು ಬರೆದ ಹಾಗಿತ್ತು.

ಕೈ ಸರಿಹೋದ ಮೇಲೆ ಎರಡು ದಿನದ ತರಬೇತಿಗೆ ಹೋದೆ. ಇಪ್ಪತ್ತೈದು ವರ್ಷ ಓಡಿಸಿದವನಿಗೆ ಕಲಿಯುವುದು ಏನಿದೆ ಅಂದುಕೊಂಡೇ ಹೋಗಿದ್ದೆ. ಮೊದಲ ದಿನ ಬೆಳಿಗ್ಗೆ ಪೂರ್ತಿ ಬ್ರೇಕು. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬರುತ್ತದೆ, ಟೈರು ನೆಲವನ್ನು ಗಟ್ಟಿಯಾಗಿ ಕಚ್ಚುತ್ತದೆ. ಆ ಭಾರ ಬರುವುದಕ್ಕೆ ಒಂದು ಚೂರು ಹೊತ್ತು ಕೊಡಬೇಕು. ನಿಂಬೆಹಣ್ಣು ಹಿಂಡುವ ಹಾಗೆ ಹಿಂಡುತ್ತಾ ಹೋಗಬೇಕು, ಕಿತ್ತುಕೊಳ್ಳುವ ಹಾಗೆ ಎಳೆಯಬಾರದು. ಹತ್ತನೇ ಸಲಕ್ಕೆ ನನ್ನ ಯೆಜ್ಡಿ ನಿಂತ ಜಾಗ ನೋಡಿ ನನಗೇ ನಂಬಿಕೆ ಬರಲಿಲ್ಲ.

ಮಧ್ಯಾಹ್ನ ಯೂ ಟರ್ನು. ಮಾನ ಹೋಗಿದ್ದು ಅಲ್ಲಿ. ಕ್ಲಚ್ ಅರ್ಧ, ಆಕ್ಸಿಲರೇಟರ್ ಒಂಚೂರು, ಹಿಂದಿನ ಬ್ರೇಕ್ ಮೇಲೆ ಕಾಲು ಹಗುರವಾಗಿ. ಕಣ್ಣು ಹೋಗಬೇಕಾದ ಕಡೆಗೆ, ಹೆಗಲಿನ ಮೇಲಿಂದ. ನೆಲ ನೋಡಿದರೆ ನೆಲಕ್ಕೇ. ಮೂರು ಸಲ ಕಾಲು ಊರಿದೆ. 80ರ ಸ್ಪೀಡಿನಲ್ಲಿ ಗಾಡಿ ತಾನೇ ನೆಟ್ಟಗಿರುತ್ತದೆ, ನಡೆಯುವ ವೇಗದಲ್ಲಿ ಅದನ್ನು ನೆಟ್ಟಗೆ ಇಡಬೇಕಾದವರು ನಾವು. ಚಾರಿಟಿ ರೈಡಿನಲ್ಲಿ ನಾವು ಅರ್ಧ ದಿನ ಓಡಿಸುವುದು ಅದೇ ವೇಗದಲ್ಲಿ.

ಜೊತೆಗೆ ನಮ್ಮ ಗುಂಪಿನಲ್ಲಿ ಗಾಡಿಗಳೂ ಒಂದೇ ಥರ ಇಲ್ಲ. ಹಳೇ ಜಾವಾ, ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಆಕ್ಸಿಲರೇಟರ್ ಬಿಟ್ಟರೂ ವೇಗ ಅಷ್ಟಾಗಿ ಇಳಿಯುವುದಿಲ್ಲ. ಹಳೇ ಬುಲೆಟ್ಟಿನಲ್ಲಿ ಗೇರು ಬಲಕ್ಕೆ, ಬ್ರೇಕು ಎಡಕ್ಕೆ. ವಾರವೆಲ್ಲ ಸ್ಕೂಟರ್ ಓಡಿಸಿ ಭಾನುವಾರ ಮಾತ್ರ ಅಪ್ಪನ ಬುಲೆಟ್ ತೆಗೆಯುವವರು ಕೈ ಎತ್ತಿ. ನಾಲ್ಕು ಜನ. ನೀವು ಸಾಲಿನ ಕೊನೆಯಲ್ಲಿರಿ, ಬೇಜಾರು ಮಾಡ್ಕೋಬೇಡಿ. ಉಳಿದವರು ಸಾಲಿನಲ್ಲಿ ಒಬ್ಬರು ಎಡಕ್ಕೆ, ಅವರ ಹಿಂದಿನವರು ಬಲಕ್ಕೆ. ನಿಮ್ಮ ನೇರ ಮುಂದಿನವರಿಂದ ಎರಡು ಸೆಕೆಂಡಿನ ಅಂತರ. ತಿರುವಿನಲ್ಲಿ ಒಬ್ಬರ ಹಿಂದೆ ಒಬ್ಬರು.

ಬ್ರಿಟನ್ನಿನಲ್ಲಿ ಐಎಎಂ ರೋಡ್‌ಸ್ಮಾರ್ಟ್ ಅಂತ ಒಂದು ಸಂಸ್ಥೆ ಇದೆ, 1956ರಿಂದ. ಅದು ಸ್ವತಃ ಚಾರಿಟಿ. ಅನುಭವ ಇರುವ ಸವಾರರು ಬಿಡುವಿನ ದಿನ ಇನ್ನೊಬ್ಬರ ಹಿಂದೆ ಗಾಡಿ ಓಡಿಸಿಕೊಂಡು ಹೋಗಿ, ಆಮೇಲೆ ನಿಲ್ಲಿಸಿ ಎಲ್ಲಿ ಎಡವಿದರು ಅಂತ ಹೇಳಿಕೊಡುತ್ತಾರೆ, ಸಂಬಳ ಇಲ್ಲದೆ. ದುಡ್ಡು ಎತ್ತುವುದಕ್ಕಿಂತ ಇದು ಸಣ್ಣ ದಾನ ಅಂತ ನನಗೆ ಅನ್ನಿಸುವುದಿಲ್ಲ.

ಅದಕ್ಕೇ ಶನಿವಾರ ಬೆಳಿಗ್ಗೆ ಆರೂವರೆಗೆ ಎಲ್ಲರೂ ಮೈದಾನಕ್ಕೆ ಬನ್ನಿ. ಗೆರೆ ಹಾಕುವುದಕ್ಕೆ ಸುಣ್ಣದ ಪುಡಿ ನಾನು ತರುತ್ತೇನೆ, ನೀವು ಖಾಲಿ ನೀರಿನ ಬಾಟಲಿ ತನ್ನಿ, ಕೋನ್ ಥರ ಇಡೋಣ. ಚಿಕ್ಕಪ್ಪನಿಗೂ ಬರಲು ಹೇಳಿದ್ದೇನೆ. 72 ವರ್ಷ. ಮುಂದಿನ ಬ್ರೇಕು ಇನ್ನೂ ಮುಟ್ಟಿಲ್ಲ.