ಸಾಕೆಟ್ ಅಂದ್ರ ಕರೆಂಟಿಂದಾ?

ಕೇಳುಗರೇ, ನಮಸ್ಕಾರ.

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಕೆಳದವಡೆಯ ಬುದ್ಧಿ ಹಲ್ಲು ಕೀಳಿಸಿಕೊಂಡೆ. ಎರಡು ದಿನ ಆರಾಮ ಇತ್ತು. ಮೂರನೇ ದಿನ ಬೆಳಿಗ್ಗೆ ಶುರುವಾಯಿತು ನೋಡಿ ನೋವು, ದವಡೆಯಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ. ಡಾಕ್ಟರ್ ಬಾಯೊಳಗೆ ಲೈಟ್ ಬಿಟ್ಟು ನೋಡಿ, "ಡ್ರೈ ಸಾಕೆಟ್ ಆಗೇತ್ರಿ" ಅಂದರು. ಮನೆಗೆ ಬಂದು ಹೇಳಿದರೆ ನಮ್ಮ ಕಾಕಾ, ಅಣ್ಣಿಗೇರಿ ಕಡೆ ಎರೆಹೊಲ ಮಾಡಿದವರು, "ಬಾಯಾಗ ಕರೆಂಟ್ ಎಳಿಸ್ಕೊಂಡು ಬಂದಿಯೇನೋ ತಮ್ಮಾ?" ಎಂದರು.

ಕರೆಂಟಿನದಲ್ಲ. ಹಲ್ಲು ಕೂತಿರುವ ಎಲುಬಿನ ಕುಳಿಗೆ ಸಾಕೆಟ್ ಅನ್ನುತ್ತಾರೆ. ಹಲ್ಲು ಕಿತ್ತ ಮೇಲೆ ಅಲ್ಲಿ ರಕ್ತ ಹೆಪ್ಪುಗಟ್ಟಬೇಕು. ಆ ಹೆಪ್ಪೇ ಎಲುಬಿಗೆ ಹೊದಿಕೆ, ಗಾಯ ಮಾಯುವುದೂ ಅದರಿಂದಲೇ. ಬೀಡಿ ಸಿಗರೇಟು ಸೇದಿದರೆ, ಜೋರಾಗಿ ಮುಕ್ಕಳಿಸಿದರೆ, ಉಗುಳಿದರೆ ಹೆಪ್ಪು ಕಿತ್ತು ಹೋಗಬಹುದು. (ನಾನು ಎಲೆ-ಅಡಿಕೆ ಬಿಡಲಿಲ್ಲ, ಡಾಕ್ಟರ್ ಬೇಡ ಅಂದಿದ್ದರೂ. ತಪ್ಪು ನನ್ನದೇ.) ಆಗ ಕುಳಿ ಬರಿದಾಗಿ, ಒಳಗಿನ ಎಲುಬು ಬೆಳ್ಳಗೆ ಕಾಣುತ್ತದೆ. ಅದಕ್ಕೇ 'ಡ್ರೈ'. 1896ರಲ್ಲಿ ಕ್ರಾಫರ್ಡ್ ಎನ್ನುವವರು ಈ ಹೆಸರು ಬಳಸಿ ಬರೆದರು, ಅದೇ ನಿಂತಿತು. ಪುಸ್ತಕದಲ್ಲಿ ಅಲ್ವಿಯೋಲಾರ್ ಆಸ್ಟಿಯೈಟಿಸ್ ಅಂತಲೂ ಇದೆ, ಆದರೆ ನೋಯುವ ಬಾಯಲ್ಲಿ ಅಷ್ಟುದ್ದದ ಹೆಸರು ಯಾರು ಹೇಳ್ತಾರೆ?

ನನಗೆ ಮಜಾ ಅನಿಸಿದ್ದು ಸಾಕೆಟ್ ಅನ್ನೋ ಮಾತು. ಅದು ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ. ಹಳೇ ಫ್ರೆಂಚಿನಲ್ಲಿ 'ಸೊಕ್' ಅಂದರೆ ನೇಗಿಲ ಕುಳ! 'ಸೊಕೆಟ್' ಅಂದರೆ ಚಿಕ್ಕ ಕುಳ. ಮೊದಲು ಕುಳದ ಹಾಗೆ ಕಾಣುವ ಈಟಿಯ ಮೊನೆಗೆ ಹಾಗಂದರು. ಆಮೇಲೆ ಏನನ್ನಾದರೂ ಸಿಕ್ಕಿಸಿ ಕೂರಿಸುವ ಪೊಳ್ಳಿಗೆಲ್ಲ ಅದೇ ಹೆಸರಾಯಿತು, ಹಲ್ಲಿಗೂ, ಕಣ್ಣುಗುಡ್ಡೆಗೂ, ಕೊನೆಗೆ ನಮ್ಮ ಗೋಡೆಯ ಪ್ಲಗ್ಗಿಗೂ. ಇನ್ನೂ ಹಿಂದೆ ಹೋದರೆ 'ಸೊಕ್' ಕೆಲ್ಟಿಕ್ ಮಾತು, ಹಂದಿಯ ಮೂತಿ ಅನ್ನುವ ಅರ್ಥದ್ದು ಎನ್ನುತ್ತಾರೆ ಪಂಡಿತರು. ಹಂದಿ ಮೂತಿಯಿಂದ ನೆಲ ಅಗೆಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಕುಳ, ಕುಳಿ ಅಂತ ಕನ್ನಡದಲ್ಲಿ ಪ್ರಾಸ ಬಿದ್ದದ್ದು ಸುಮ್ನೆ ಕಾಕತಾಳೀಯ ಇರಬೇಕು, ಆದರೂ ಖುಷಿಯಾಯಿತು.

ಡಾಕ್ಟರ್ ಕುಳಿ ತೊಳೆದು, ಔಷಧಿಯಲ್ಲಿ ಅದ್ದಿದ ಸಣ್ಣ ಬಟ್ಟೆಯ ಪಟ್ಟಿಯನ್ನು ಚಿಮಟದಲ್ಲಿ ಒಳಗೆ ತುರುಕಿದರು. ಗಮ್ಮನೆ ಲವಂಗದ ವಾಸನೆ. ಆ ಔಷಧಿಯಲ್ಲಿರುವ ಯೂಜಿನಾಲ್ ಲವಂಗದೆಣ್ಣೆಯದೇ ಸತ್ವ. ಹತ್ತು ನಿಮಿಷಕ್ಕೆ ನೋವು ಇಳಿಯಿತು.

ಸಂಜೆ ಕಾಕಾಗೆ ಕುಳದ ಕತೆ ಹೇಳಿದೆ. ಕೇಳಿ ಚಹಾ ಬಸಿ ಕೆಳಗಿಟ್ಟು ಅಂದರು: "ಹಂಗಾದ್ರ ಆ ಡಾಕ್ಟರು ನಿನ್ನ ದವಡ್ಯಾಗ ರಂಟಿ ಹೊಡದಾರ ಬಿಡು."