ಅಜ್ಜ ಕಿತ್ತ ಕರಿಕೆ, ಅಪ್ಪ ನೀರುಣಿಸಿದ ಕರಿಕೆ

(ರಾಯಚೂರಿನ ಪದವಿ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಪ್ರಾಂಶುಪಾಲರಿಗೂ ಅಧ್ಯಾಪಕರಿಗೂ ಎದುರಿಗೆ ಕುಳಿತ ನಿಮ್ಮೆಲ್ಲರಿಗೂ ನಮಸ್ಕಾರ.

ಎಳ್ಳಮಾವಾಸ್ಯೆಗೆಂದು ಊರಿಗೆ ಬಂದಿದ್ದೆ. ಮಸ್ಕಿ ಕಡೆ ನಮ್ಮದು ನಾಲ್ಕು ಎಕರೆ ಎರೆ ಹೊಲ. ಚರಗ ಚೆಲ್ಲಿ, ನೆಂಟರ ಹೊಲದಲ್ಲಿ ಸೀತನಿ ತಿಂದು, ಇನ್ನೇನು ಬೆಂಗಳೂರಿನ ಬಸ್ ಹತ್ತಬೇಕು ಎನ್ನುವಾಗ ನಿಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ಫೋನ್ ಮಾಡಿದರು. ಗಾಲ್ಫ್ ಬಗ್ಗೆ ಒಂದು ತಾಸು ಮಾತನಾಡಿ ಎಂದರು. ಇಪ್ಪತ್ತು ವರ್ಷದಿಂದ ಈ ಆಟದಲ್ಲೇ ಅನ್ನ ಕಂಡವನು ನಾನು. ಮೊದಲು ಚೀಲ ಹೊತ್ತೆ, ಆಮೇಲೆ ಟೂರ್ನಿಗಳಲ್ಲಿ ಆಡಿದೆ, ಈಗ ಕಲಿಸುತ್ತೇನೆ. ಆದರೆ ನನ್ನ ಜಿಲ್ಲೆಯಲ್ಲಿ, ನನ್ನ ಭಾಷೆಯಲ್ಲಿ, ಈ ಆಟದ ಬಗ್ಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಬಸ್ ಟಿಕೆಟ್ ರದ್ದು ಮಾಡಿಸಿದೆ.

ಒಳಗೆ ಬಂದ ಕೂಡಲೇ ನಾನೊಂದು ಪ್ರಶ್ನೆ ಕೇಳಿದೆ: ಗಾಲ್ಫ್ ಚೆಂಡನ್ನು ಕೈಯಲ್ಲಿ ಹಿಡಿದವರು ಎಷ್ಟು ಮಂದಿ? ಒಂದು ಕೈಯೂ ಏಳಲಿಲ್ಲ. ಆದ್ದರಿಂದ ಈ ಚೆಂಡನ್ನು ಮೊದಲ ಸಾಲಿಗೆ ಕೊಡುತ್ತಿದ್ದೇನೆ, ಕೈಯಿಂದ ಕೈಗೆ ದಾಟಿಸುತ್ತಾ ಹಿಂದಿನ ಬೆಂಚಿನವರೆಗೂ ಕಳುಹಿಸಿ. ತೂಕ 45.93 ಗ್ರಾಂ ಮೀರಬಾರದು, ಅಡ್ಡಳತೆ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಕೋಳಿಮೊಟ್ಟೆಗಿಂತ ತುಸು ಹಗುರ. ಅದು ಬೀಳಬೇಕಾದ ಕುಳಿಯ ಅಗಲ 108 ಮಿಲಿಮೀಟರ್. ಇಂಥ ಹದಿನೆಂಟು ಕುಳಿಗಳನ್ನು ಮುಗಿಸಲು ಏಳೆಂಟು ಕಿಲೋಮೀಟರ್ ನಡೆಯಬೇಕು. ಹೆಚ್ಚೆಂದರೆ ಹದಿನಾಲ್ಕು ಕೋಲು ಒಯ್ಯಬಹುದು. ಯಾರು ಕಡಿಮೆ ಹೊಡೆತದಲ್ಲಿ ಮುಗಿಸುತ್ತಾರೋ ಅವರು ಗೆದ್ದರು. ಆಟದ ನಿಯಮ ಇಷ್ಟು ಗೊತ್ತಾದರೆ ಇವತ್ತಿಗೆ ಸಾಕು. ನಾನು ಹೇಳಬೇಕೆಂದಿರುವುದು ಹುಲ್ಲಿನ ಬಗ್ಗೆ, ನೆಲದ ಬಗ್ಗೆ.

ನಮ್ಮ ಕಡೆ ಕರಿಕೆ ಎನ್ನುತ್ತೇವೆ, ಪುಸ್ತಕದಲ್ಲಿ ಗರಿಕೆ. ಗಣೇಶನಿಗೆ ಏರಿಸುವ ಹುಲ್ಲು. ಆದರೆ ಎರೆ ಹೊಲಕ್ಕೆ ಹೊಕ್ಕರೆ ಇದಕ್ಕಿಂತ ದೊಡ್ಡ ವೈರಿ ಇಲ್ಲ. ಮೇಲೆ ಬಳ್ಳಿ ಹಬ್ಬುತ್ತದೆ, ಕೆಳಗೆ ಬೇರಿನಂಥ ಕಾಂಡ ಹರಿಯುತ್ತದೆ. ಒಂದು ಗೆಣ್ಣು ಉಳಿದರೂ ಮಳೆಗೆ ಮತ್ತೆ ಚಿಗುರುತ್ತದೆ. ನನ್ನ ಅಜ್ಜ ಬೇಸಿಗೆಯಿಡೀ ಗುದ್ದಲಿ ಹಿಡಿದು ಕರಿಕೆ ಅಗೆಯುತ್ತಿದ್ದ. ಬಿಸಿಲಿಗೆ ನೆಲ ಬಾಯಿ ಬಿಟ್ಟಿರುತ್ತಿತ್ತು, ಆ ಬಿರುಕಿನಲ್ಲಿ ಗುದ್ದಲಿ ಇಳಿಸಿ ಹೆಂಟೆ ಎಬ್ಬಿಸುತ್ತಿದ್ದ. ಕಿತ್ತ ಕರಿಕೆಯನ್ನು ಬದುವಿನ ಮೇಲೂ ಬಿಡುತ್ತಿರಲಿಲ್ಲ, ಗುಡ್ಡೆ ಹಾಕಿ ಒಣಗಿಸಿ ಸುಡುತ್ತಿದ್ದ. ಅವನ ಅಂಗೈಯ ಗಂಟುಗಳು ಆ ಹುಲ್ಲಿನಿಂದಲೇ ಬಂದವು.

ಮಳೆ ಕೈಕೊಟ್ಟ ಒಂದು ವರ್ಷ ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋದರು. ನಿಮ್ಮಲ್ಲೂ ಅನೇಕರ ಮನೆಯ ಕಥೆ ಇದೇ ಇರುತ್ತದೆ, ಬಿಡಿಸಿ ಹೇಳಬೇಕಿಲ್ಲ. ಮೊದಲು ಕಟ್ಟಡದ ಕೆಲಸ. ಆಮೇಲೆ ಯಾರೋ ಊರವರು ಅಪ್ಪನನ್ನು ಒಂದು ಗಾಲ್ಫ್ ಮೈದಾನಕ್ಕೆ ಮಾಲಿಯಾಗಿ ಸೇರಿಸಿದರು. ಮೊದಲ ದಿನ ಅವನ ಕೈಗೆ ನೀರಿನ ಪೈಪು ಕೊಟ್ಟು, ಈ ಹುಲ್ಲು ಒಣಗದ ಹಾಗೆ ನೋಡಿಕೋ ಎಂದರಂತೆ. ಅಪ್ಪ ಬಗ್ಗಿ ನೋಡಿದರೆ ಕರಿಕೆ. ಆ ವರ್ಷ ಹಬ್ಬಕ್ಕೆ ಊರಿಗೆ ಬಂದಾಗ ಅವನು ಅಜ್ಜನಿಗೆ ಇದನ್ನು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಜ್ಜ ಬಹಳ ಹೊತ್ತು ಸುಮ್ಮನೆ ಕುಳಿತು, “ಸಂಬಳ ಕೊಟ್ಟು ಕರಿಕೆ ಬೆಳೆಸುತ್ತಾರೆಯೇ?” ಎಂದು ಕೇಳಿದ. ಮರುದಿನ ಬೆಳಿಗ್ಗೆ ಮತ್ತೆ ಅದನ್ನೇ ಕೇಳಿದ.

ಅಪ್ಪ ಹೇಳಿದ್ದು ನಿಜವೇ. ಪ್ರಪಂಚದ ಬಿಸಿ ನಾಡುಗಳ ಗಾಲ್ಫ್ ಮೈದಾನಗಳಲ್ಲಿ ಬಹುಪಾಲು ಇದೇ ಕುಲದ ಹುಲ್ಲು, ಬರ್ಮುಡಾ ಎಂದು ಕರೆಯುತ್ತಾರೆ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ ನಮ್ಮ ಗರಿಕೆಯನ್ನು ಆಫ್ರಿಕಾದ ಅದರ ದಾಯಾದಿ ಹುಲ್ಲಿನೊಂದಿಗೆ ಕೂಡಿಸಿ ಹೊಸ ತಳಿಗಳನ್ನು ತೆಗೆದರು. ಗ್ರೀನ್ ಎಂದು ಕರೆಯುವ ಜಾಗದಲ್ಲಿ, ಅಂದರೆ ಕುಳಿಯ ಸುತ್ತಲಿನ ಅಂಗಳದಲ್ಲಿ, ಇದನ್ನು ಮೂರು ನಾಲ್ಕು ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುತ್ತಾರೆ. ಆಟಗಾರರ ಕೋಲು ಮಣ್ಣು ಸಮೇತ ಹುಲ್ಲನ್ನು ಕಿತ್ತೆಸೆದರೂ ಕೆಲವೇ ವಾರಗಳಲ್ಲಿ ಗಾಯ ಮುಚ್ಚಿಕೊಳ್ಳುತ್ತದೆ. ಅಜ್ಜನನ್ನು ಸೋಲಿಸಿದ ಗುಣವೇ ಇಲ್ಲಿ ಬೇಕಾದ ಗುಣ.

ಹೈಸ್ಕೂಲು ಮುಗಿದ ಮೇಲೆ ನಾನೂ ಆ ಮೈದಾನಕ್ಕೆ ಕ್ಯಾಡಿಯಾಗಿ ಸೇರಿದೆ. ಕ್ಯಾಡಿ ಎಂದರೆ ಆಟಗಾರನ ಚೀಲ ಹೊರುವವನು ಎಂದು ಎಲ್ಲರೂ ತಿಳಿದಿದ್ದಾರೆ. ಚೀಲ ಹೊರುವುದು ಆ ಕೆಲಸದ ಅತಿ ಚಿಕ್ಕ ಭಾಗ. ಗ್ರೀನಿನ ಮೇಲೆ ಚೆಂಡು ಎತ್ತ ವಾಲುತ್ತದೆ, ಎಷ್ಟು ವಾಲುತ್ತದೆ ಎಂದು ಹೇಳುವವನೇ ಕ್ಯಾಡಿ. ಕಣ್ಣಿಗೆ ಸಪಾಟಾಗಿ ಕಾಣುವ ನೆಲದಲ್ಲಿ ಇಳಿಜಾರು ಎಲ್ಲಿದೆ ಎಂದು ಹುಡುಕುವುದು ಇತರ ಹುಡುಗರಿಗೆ ಕಷ್ಟವಾಗುತ್ತಿತ್ತು. ನನಗೆ ಆಗಲಿಲ್ಲ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ, ಕಾರಣ ಬೇರೆ ಇದೆ.

ಅಜ್ಜ ಮುಂಗಾರಿಗೆ ಮೊದಲು ನನ್ನನ್ನು ಬದುವಿನ ಮೇಲೆ ನಿಲ್ಲಿಸಿ, ಮಳೆ ಬಂದರೆ ನೀರು ಎಲ್ಲಿಂದ ಹೊರಡುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಬದು ಒಡೆಯುತ್ತದೆ ತೋರಿಸು ಎನ್ನುತ್ತಿದ್ದ. ಒಣ ಹೊಲದಲ್ಲಿ ಬಾರದ ನೀರನ್ನು ನೋಡಬೇಕು. ತಪ್ಪು ತೋರಿಸಿದರೆ ಬೈಯುತ್ತಿರಲಿಲ್ಲ, ಮಳೆ ಬಂದ ದಿನ ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದ. ಗ್ರೀನಿನ ಮೇಲೂ ಕೆಲಸ ಇಷ್ಟೇ: ಇಲ್ಲೊಂದು ಕೊಡ ನೀರು ಸುರಿದರೆ ಎತ್ತ ಹರಿಯುತ್ತಿತ್ತು? ಚೆಂಡೂ ಅತ್ತಲೇ ಹೋಗುತ್ತದೆ.

ಹದ ಎಂಬ ಮಾತು ನಿಮಗೆಲ್ಲ ಗೊತ್ತು. ಬಿತ್ತಲು ಹದ ಬಂತೇ ಎಂದು ನೋಡಲು ಅಜ್ಜ ಹಿಮ್ಮಡಿಯಿಂದ ನೆಲ ಒತ್ತುತ್ತಿದ್ದ, ಆಮೇಲೆ ಒಂದು ಮುಷ್ಟಿ ಮಣ್ಣು ಹಿಡಿದು ಬಿಡುತ್ತಿದ್ದ. ಗಾಲ್ಫ್ ನಿಯಮದ ಪ್ರಕಾರ, ಆಡಬೇಕಾದ ಗ್ರೀನನ್ನು ಕೈಯಿಂದ ಉಜ್ಜಿ ಅಥವಾ ಚೆಂಡು ಉರುಳಿಸಿ ಪರೀಕ್ಷಿಸುವಂತಿಲ್ಲ. ಉಳಿಯುವುದು ಕಾಲು ಮತ್ತು ಕಣ್ಣು. ಇವತ್ತಿಗೂ ನಾನು ಗ್ರೀನಿನ ಅಂಚಿಗೆ ಬಂದ ಕೂಡಲೇ ಹಿಮ್ಮಡಿಯ ಮೇಲೆ ಭಾರ ಬಿಡುತ್ತೇನೆ.

ನಮ್ಮ ಆಟದ ಋತುಮಾನವೆಲ್ಲ ಈ ಹದದ ಲೆಕ್ಕವೇ. ಮೃಗಶಿರಾ, ಆರಿದ್ರಾ ಮಳೆ ಹಿಡಿದರೆ ನೆಲ ಮೆತ್ತಗಾಗುತ್ತದೆ. ಎತ್ತರದಿಂದ ಬಿದ್ದ ಚೆಂಡು ಬಿದ್ದಲ್ಲೇ ನಿಲ್ಲುತ್ತದೆ, ಕೆಲವೊಮ್ಮೆ ಹೂತೇ ಹೋಗುತ್ತದೆ. ಹುಲ್ಲು ದಟ್ಟವಾಗಿ ಬೆಳೆಯುವ ಕಾಲವೂ ಅದೇ. ಹುಲ್ಲು ಚೆನ್ನಾಗಿ ಬೆಳೆಯುವಾಗಲೇ ಮಾಲಿಗಳು ಗ್ರೀನಿನಲ್ಲಿ ಬೆರಳು ಗಾತ್ರದ ಸಾವಿರಾರು ತೂತು ಕೊರೆದು ಮಣ್ಣು ತೆಗೆದು ಮರಳು ತುಂಬುತ್ತಾರೆ, ಬೇರಿಗೆ ಗಾಳಿಯಾಡಲಿ ಎಂದು. ಆ ಎರಡು ವಾರ ಆಟಗಾರರು ಗೊಣಗುತ್ತಾರೆ. ಅಪ್ಪನಿಗೆ ಮಾತ್ರ ಅದು ಇಷ್ಟದ ಕೆಲಸವಾಗಿತ್ತು; ಎಡೆ ಹೊಡೆದಷ್ಟು ಸಮಾಧಾನ ಎನ್ನುತ್ತಿದ್ದ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಆಟಕ್ಕೆ ಉತ್ತಮ ಕಾಲ. ಅದರಲ್ಲೂ ಫೆಬ್ರುವರಿ ಬಂತೆಂದರೆ ನೆಲ ಬಿಗಿಯುತ್ತದೆ, ಚೆಂಡು ಪುಟಿದು ಓಡುತ್ತದೆ, ಕುಳಿಗಿಂತ ಹತ್ತು ಹೆಜ್ಜೆ ಮೊದಲೇ ಬೀಳಿಸಿ ಉರುಳಲು ಬಿಡಬೇಕಾಗುತ್ತದೆ. ಅದೇ ಆಟಗಾರ, ಅದೇ ಕೋಲು, ಅದೇ ಮೈದಾನ. ಆರು ತಿಂಗಳಲ್ಲಿ ಆಟವೇ ಬೇರೆ. ಸ್ವಿಂಗ್, ಅಂದರೆ ಕೋಲು ಬೀಸುವ ಬಗೆ, ಕಲಿಸಿ ಎಂದು ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ, ಹೆಚ್ಚಿನವರಿಗೆ ಇದು ಹಿಡಿಸುವುದಿಲ್ಲ.

ವೃತ್ತಿಪರ ಆಟಗಾರನ ವರ್ಷವೂ ಒಣಬೇಸಾಯದಂತೆಯೇ. ಪ್ರವೇಶ ಶುಲ್ಕ, ರೈಲು, ಲಾಡ್ಜ್, ಕ್ಯಾಡಿಯ ಕೂಲಿ, ಎಲ್ಲವನ್ನೂ ಮೊದಲೇ ನೆಲಕ್ಕೆ ಹಾಕಬೇಕು. ನಾಲ್ಕು ದಿನದ ಟೂರ್ನಿಯಲ್ಲಿ ಎರಡನೆಯ ದಿನ ಸಂಜೆ ಅರ್ಧದಷ್ಟು ಆಟಗಾರರನ್ನು ಮನೆಗೆ ಕಳುಹಿಸುತ್ತಾರೆ, ಅದಕ್ಕೆ ಕಟ್ ಎನ್ನುತ್ತಾರೆ. ಹಾಗೆ ಹೊರಬಿದ್ದವರಿಗೆ ಬಹುಮಾನದ ಹಣವಿಲ್ಲ. ನಾನು ಅನೇಕ ಸಲ ಬರಿಗೈಯಲ್ಲಿ ರೈಲು ಹತ್ತಿದ್ದೇನೆ. ಒಂದು ಸಲದ್ದು ಮಾತ್ರ ಹೇಳುತ್ತೇನೆ.

ಆಗಸ್ಟ್ ತಿಂಗಳು. ಎರಡನೆಯ ದಿನದ ಕೊನೆಯ ಕುಳಿ. ಗ್ರೀನಿನ ಮೇಲೆ ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತಕ್ಕೆ ಪಟ್ ಎನ್ನುತ್ತಾರೆ. ನಾಲ್ಕು ಅಡಿ ದೂರದ ಪಟ್ ಹಾಕಿದರೆ ಉಳಿದೆ, ತಪ್ಪಿದರೆ ಹೋದೆ. ಗ್ರೀನಿನ ಎಡಕ್ಕೆ ಕೆರೆ ಇತ್ತು. ಚೆಂಡು ಕೆರೆಯ ಕಡೆಗೇ ವಾಲುತ್ತದೆ ಎಂದು ಆಟಗಾರರಲ್ಲಿ ಒಂದು ನಂಬಿಕೆ. ನನ್ನ ಕೈಯಲ್ಲಿದ್ದ ನಕ್ಷೆಯೂ ಎಡಕ್ಕೆ ಎನ್ನುತ್ತಿತ್ತು. ಆದರೆ ಬೆಳಿಗ್ಗೆ ಒಂದು ದಪ್ಪ ಮಳೆ ಬಿದ್ದಿತ್ತು. ಮಾಲಿಗಳು ನೀರು ತಳ್ಳುತ್ತಿದ್ದುದನ್ನು ನಾನೇ ನಿಂತು ನೋಡಿದ್ದೆ. ನೀರು ಬಲಕ್ಕೆ ಹೋಗಿತ್ತು, ತಳ್ಳುವವರು ಕೈಬಿಟ್ಟ ಮೇಲೂ ಬಲಕ್ಕೇ ಹೋಗುತ್ತಿತ್ತು. ಪಟ್ ಹಾಕುವ ಕೋಲಾದ ಪಟ್ಟರ್ ಹಿಡಿದು ನಿಂತಾಗ ಅದು ನೆನಪಿಗೆ ಬಂತು. ಆದರೂ ನಕ್ಷೆಯನ್ನು ನಂಬಿದೆ. ಚೆಂಡು ಕುಳಿಯ ಬಲ ಅಂಚಿಗೆ ತಾಗಿ ನಿಂತಿತು. ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ: “ನೀರು ಎತ್ತ ಹೋಯಿತು ಎಂದು ನೋಡಿರಲಿಲ್ಲವೇ?” ನೋಡಿದ್ದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಆ ರಾತ್ರಿಯಿಂದ ನನ್ನಲ್ಲಿ ಒಂದು ಮಾತು ಗಟ್ಟಿಯಾಗಿದೆ. ಹೊಲದಲ್ಲಿ ಕಲಿತದ್ದು ಕೀಳು, ಅಚ್ಚಾದ ಕಾಗದದಲ್ಲಿ ಇರುವುದು ಮೇಲು ಎಂದು ನಮಗೆ ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ, ಆದರೂ ನಾವು ಅದನ್ನು ಕಲಿತುಬಿಡುತ್ತೇವೆ. ಗಾಲ್ಫ್ ಈ ದೇಶಕ್ಕೆ ಬ್ರಿಟಿಷರೊಂದಿಗೆ ಬಂತು. ಕಲ್ಕತ್ತದಲ್ಲಿ 1829ರಲ್ಲಿ, ಬೆಂಗಳೂರಿನಲ್ಲಿ 1876ರಲ್ಲಿ ಕ್ಲಬ್‌ಗಳು ಹುಟ್ಟಿದವು. ಚೆಂಡು ಹೊಡೆದವರು ದೊರೆಗಳು, ಹುಲ್ಲು ಕತ್ತರಿಸಿದವರೂ ಚೀಲ ಹೊತ್ತವರೂ ಸುತ್ತಲಿನ ಹಳ್ಳಿಗಳವರು. ಆ ಚೀಲ ಹೊತ್ತವರ ಸಾಲಿನಿಂದಲೇ ದೆಹಲಿಯ ಅಲಿ ಶೇರ್ ಎದ್ದು ಬಂದು 1991ರಲ್ಲಿ ಇಂಡಿಯನ್ ಓಪನ್ ಗೆದ್ದರು. ಅಲ್ಲಿಯವರೆಗೆ ಆ ಟ್ರೋಫಿಯನ್ನು ಭಾರತದ ಯಾವ ವೃತ್ತಿಪರ ಆಟಗಾರನೂ ಗೆದ್ದಿರಲಿಲ್ಲ. ನಮ್ಮ ರಾಜ್ಯದ ಎಸ್. ಚಿಕ್ಕರಂಗಪ್ಪ ಬಿಡದಿ ಬಳಿಯ ಮೈದಾನದ ಪಕ್ಕದ ಹಳ್ಳಿಯ ಹುಡುಗ. ಇವರ ಹೆಸರು ಕ್ರಿಕೆಟಿಗರ ಹೆಸರಿನಷ್ಟೇ ನಿಮ್ಮ ಬಾಯಲ್ಲಿ ಇರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಬೆಂಗಳೂರಿನ ಅದಿತಿ ಅಶೋಕ್ ಗೊತ್ತು ಎಂದು ಕೆಲವರು ತಲೆಯಾಡಿಸುತ್ತಿದ್ದೀರಿ, ಸಂತೋಷ. 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೆಯವರಾದರು. ನಾಲ್ಕು ದಿನ, 269 ಹೊಡೆತ. ಒಂದೇ ಒಂದು ಕಡಿಮೆ ಇದ್ದಿದ್ದರೆ ಪದಕದ ಪೈಪೋಟಿಯಲ್ಲಿ ಉಳಿಯುತ್ತಿದ್ದರು. ಅಲ್ಲಿ ಆಡಿದವರಲ್ಲಿ ದೂರ ಹೊಡೆಯುವವರ ಪಟ್ಟಿ ಮಾಡಿದರೆ ಅದಿತಿ ತೀರಾ ಕೆಳಗೆ ಬರುತ್ತಾರೆ. ಅವರನ್ನು ಅಲ್ಲಿಯವರೆಗೆ ಒಯ್ದದ್ದು ಗ್ರೀನಿನ ಮೇಲಿನ ಆಟ, ನೆಲ ಓದುವ ಕಣ್ಣು. ತೋಳಬಲ ಬೇಕು, ನಾನು ಇಲ್ಲ ಎನ್ನುವುದಿಲ್ಲ. ಆದರೆ ಆ ಹುಡುಗಿ ಒಂದೊಂದು ಪಟ್‌ಗೂ ಕುಳಿತು ಎದ್ದು ನೆಲ ನೋಡಿದ ತಾಳ್ಮೆಯನ್ನು ನಾನು ಮರೆಯಲಾರೆ.

ಸಭೆ ಶುರುವಾಗುವ ಮೊದಲು ಒಬ್ಬ ವಿದ್ಯಾರ್ಥಿ ಕೇಳಿದ: ಹಾಗಾದರೆ ರಾಯಚೂರಿನಲ್ಲೂ ಹದಿನೆಂಟು ಕುಳಿಯ ಹಸಿರು ಮೈದಾನ ಬೇಕಲ್ಲವೇ ಸರ್? ಬೇಡ. ನಾನು ಈ ಆಟವನ್ನು ಪ್ರೀತಿಸುವವನಾಗಿಯೇ ಬೇಡ ಎನ್ನುತ್ತೇನೆ. ಎರಡು ನದಿಗಳ ನಡುವಿನ ನಾಡು ನಮ್ಮದು, ಹಳೆಯ ಹೆಸರೇ ಎಡೆದೊರೆ. ಆದರೂ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತ ನೀರಿಗಾಗಿ ಹೇಗೆ ಕಾಯುತ್ತಾನೆ ಎಂಬುದನ್ನು ನಾನು ನಿಮಗೆ ಹೇಳಬೇಕೇ? 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಅಪ್ಪ ಟಿವಿ ಮುಂದಿನಿಂದ ಏಳಲೇ ಇಲ್ಲ. ಮೈದಾನಕ್ಕೆ ಇಷ್ಟು ವರ್ಷ ನೀರು ಹಾಯಿಸಿದವನು ಅವನು. ಒಂದು ಗ್ರೀನು ಬೇಸಿಗೆಯಲ್ಲಿ ಎಷ್ಟು ಕುಡಿಯುತ್ತದೆ ಎಂದು ಅವನಿಗೆ ಗೊತ್ತು. ಜೋಳಕ್ಕೆ ಇಲ್ಲದ ನೀರನ್ನು ಇಲ್ಲಿ ಕರಿಕೆಗೆ ಬಿಡಬಾರದು.

ಹುಲ್ಲಿಲ್ಲದೆಯೂ ಈ ಆಟ ನಡೆದಿದೆ. ನಮ್ಮ ದೇಶದ ಒಣ ಪ್ರದೇಶಗಳಲ್ಲಿ, ಸೈನ್ಯದ ನೆಲೆಗಳಲ್ಲಿ ಗ್ರೀನಿನ ಬದಲು ಬ್ರೌನ್ ಇರುತ್ತಿತ್ತು. ಜರಡಿ ಹಿಡಿದ ಮರಳಿಗೆ ಎಣ್ಣೆ ಬೆರೆಸಿ, ಗಾಳಿಗೆ ಹಾರದ ಹಾಗೆ ಹಾಸಿ, ಆಡಿದ ಮೇಲೆ ಹಲಗೆ ಎಳೆದು ಸಮ ಮಾಡುತ್ತಿದ್ದರು. ಎಣ್ಣೆ ನೆಲಕ್ಕೆ ಒಳ್ಳೆಯದಲ್ಲ, ಆ ಭಾಗ ನಮಗೆ ಬೇಡ. ನಿನ್ನೆ ಸಂಜೆ ನಿಮ್ಮ ಹಾಸ್ಟೆಲಿನ ಏಳೆಂಟು ಹುಡುಗರು ಮತ್ತು ನಾನು ಸೇರಿ ಮೈದಾನದ ಮೂಲೆಯಲ್ಲಿ ಒಂದನ್ನು ಮಾಡಿದೆವು. ಎಂ-ಸ್ಯಾಂಡನ್ನು ಜರಡಿ ಹಿಡಿದೆವು, ನಾಲ್ಕು ಬಕೆಟ್ ನೀರು ಚಿಮುಕಿಸಿದೆವು, ಒದ್ದೆ ಗೋಣಿಚೀಲವನ್ನು ಹಗ್ಗ ಕಟ್ಟಿ ಎಳೆದೆವು. ಕುಳಿಗೆ ನಾಲ್ಕು ಇಂಚಿನ ಪಿವಿಸಿ ಪೈಪಿನ ತುಂಡು; 108 ಮಿಲಿಮೀಟರಿಗೂ ಅದಕ್ಕೂ ಅಂಥ ವ್ಯತ್ಯಾಸವಿಲ್ಲ. ಬಾವುಟ ನಿಮ್ಮ ಗ್ರಂಥಪಾಲಕರು ಕೊಟ್ಟ ಹಳೆಯ ಕೆಂಪು ಬಟ್ಟೆ.

ನೋಡಿದರೆ ಸಪಾಟಾಗಿದೆ. ಆದರೆ ನಾನು ಬೆಳಿಗ್ಗೆ ಹಿಮ್ಮಡಿ ಇಟ್ಟು ನೋಡಿದ್ದೇನೆ, ಅದರಲ್ಲಿ ಒಂದು ವಾಲು ಇದೆ. ಗೇಟಿನ ಕಡೆಗೋ ಬೇವಿನ ಮರದ ಕಡೆಗೋ ನಾನು ಹೇಳುವುದಿಲ್ಲ. ಚೆಂಡು ಈಗ ಕೊನೆಯ ಬೆಂಚು ತಲುಪಿದೆ, ಅದನ್ನು ಹಿಡಿದಿರುವ ಆ ಹುಡುಗಿಯೇ ಮೊದಲು ಆಡಲಿ. ಪಟ್ಟರ್ ನನ್ನ ಬಳಿ ಇದೆ, ಒಂದು ಕೊಡ ನೀರೂ ತರಿಸಿಟ್ಟಿದ್ದೇನೆ. ಅವಳು ಎತ್ತ ಎಂದು ಹೇಳಿದ ಮೇಲೆ ಸುರಿದು ನೋಡೋಣ. ಬನ್ನಿ, ಬಿಸಿಲು ಏರುವ ಮೊದಲು ಹೊರಗೆ ಹೋಗೋಣ.