ಎಲ್ಲಿ ಸುರಿಯಲಿ?

ಕೇಳುಗರೆಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ ಕಡೆ ರಸ್ತೆ ಪಕ್ಕದಲ್ಲಿ ನಮ್ಮದೊಂದು ಹತ್ತು ಗುಂಟೆ ಜಾಗ ಇದೆ. ಅಪ್ಪ ಅದನ್ನು ಲಾರಿ ಗ್ಯಾರೇಜಿಗೆ ಬಾಡಿಗೆಗೆ ಕೊಟ್ಟಿದ್ದರು. ಹದಿನೆಂಟು ವರ್ಷ ಗ್ಯಾರೇಜು ನಡೆಯಿತು. ಇಂಜಿನ್ನಿನಿಂದ ಇಳಿಸಿದ ಕರಿ ಆಯಿಲ್, ಬ್ಯಾಟರಿಯ ಆಸಿಡ್, ಡೀಸೆಲ್ಲಿನಲ್ಲಿ ಸಾಮಾನು ತೊಳೆದ ಕೊಳೆ, ಎಲ್ಲ ಅಲ್ಲೇ ನೆಲಕ್ಕೆ ಹೋಗುತ್ತಿತ್ತು.

ಗ್ಯಾರೇಜು ಖಾಲಿಯಾದ ವರ್ಷವೇ ಅಡಿಕೆ ಸಸಿ ನೆಟ್ಟೆವು. ಮಳೆಗಾಲ ಮುಗಿಯುವಷ್ಟರಲ್ಲಿ ಸುಳಿ ಹಳದಿಯಾಗಿ ಒಂದೊಂದೇ ಸತ್ತವು. ಗುಂಡಿ ತೋಡಿ ನೋಡಿದರೆ ಒಂದೂವರೆ ಅಡಿ ಕೆಳಗೂ ಮಣ್ಣು ಕಪ್ಪು. ಹಿಡಿದರೆ ಕೈಗೆ ಜಿಡ್ಡು. ಕೆಳಗಿನ ಮನೆಯ ಅಮ್ಮ ತಮ್ಮ ಬಾವಿಯಿಂದ ಒಂದು ಬಿಂದಿಗೆ ನೀರು ತಂದು ನಮ್ಮ ಜಗುಲಿ ಮೇಲಿಟ್ಟರು. ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಕಟ್ಟಿತ್ತು. "ನೋಡಿ ಮಾರಾಯ್ರೆ, ಇದನ್ನ ಕುಡಿಯೋದು ಹೆಂಗೆ?" ಅಂದರು.

ಅಪ್ಪ ಮಣ್ಣು ತೆಗೆಸೋಣ ಅಂತ ಟ್ರ್ಯಾಕ್ಟರ್ ಕರೆಸಿದರು. ಡ್ರೈವರ್ ಕೇಳಿದ್ದು ಒಂದೇ ಮಾತು, "ಎಲ್ಲಿ ಸುರಿಯಲಿ?" ಹಳ್ಳದ ಬದಿಗೆ ಹಾಕಿದರೆ ಹಳ್ಳ ತುಂಗೆಗೆ ಸೇರುತ್ತದೆ. ಬ್ಯಾಣಕ್ಕೆ ಹಾಕಿದರೆ ದನ ಮೇಯುತ್ತವೆ. ಟ್ರ್ಯಾಕ್ಟರ್ ಖಾಲಿಯೇ ವಾಪಸ್ ಹೋಯಿತು.

ಹತ್ತು ಗುಂಟೆಗೇ ಹೀಗಾದರೆ ದೊಡ್ಡ ಕಾರ್ಖಾನೆಗಳ ಜಾಗದ ಕಥೆ ಏನು? ಭೋಪಾಲದಲ್ಲಿ ವಿಷಾನಿಲ ಸೋರಿದ್ದು 1984 ರಲ್ಲಿ. ಆ ಕಾರ್ಖಾನೆಯ ಆವರಣದಲ್ಲಿ ಇಟ್ಟಿದ್ದ 337 ಟನ್ ವಿಷದ ಕಸ ಅಲ್ಲಿಂದ ಹೊರಟಿದ್ದು 2025 ರ ಜನವರಿಯಲ್ಲಿ. ನಲವತ್ತು ವರ್ಷ! ಅದನ್ನು ಸುಡಲಿಕ್ಕೆ ಅದೇ ರಾಜ್ಯದ ಪೀಥಂಪುರ ಅನ್ನುವ ಊರಿಗೆ ಒಯ್ದಾಗ ಅಲ್ಲಿನ ಜನ ಬೀದಿಗಿಳಿದರು. ಅವರು ಕೇಳಿದ್ದೂ ನಮ್ಮ ಡ್ರೈವರ್ ಕೇಳಿದಂಥದ್ದೇ ಪ್ರಶ್ನೆ. ನಿಮ್ಮೂರಿನ ವಿಷ ನಮ್ಮೂರಿಗೆ ಯಾಕೆ? ಮಣ್ಣಿನೊಳಗೆ ಇಳಿದದ್ದಂತೂ ಭೋಪಾಲದಲ್ಲೇ ಉಳಿದಿದೆ.

ಖರ್ಚು ಯಾರದ್ದು ಅನ್ನುವುದಕ್ಕೆ ನಮ್ಮ ಸುಪ್ರೀಂ ಕೋರ್ಟ್ 1996 ರಲ್ಲೇ ಉತ್ತರ ಕೊಟ್ಟಿದೆ. ರಾಜಸ್ಥಾನದ ಒಂದು ಹಳ್ಳಿಯಲ್ಲಿ ಕೆಮಿಕಲ್ ಕಾರ್ಖಾನೆಗಳ ಕೊಳೆ ಬಾವಿಗಳಿಗೆ ಇಳಿದಿತ್ತು. ಹಾಳು ಮಾಡಿದವರೇ ಸರಿ ಮಾಡುವ ಹಣವನ್ನೂ ಕೊಡಬೇಕು ಅಂತ ಕೋರ್ಟ್ ಹೇಳಿತು. ಆದರೆ ಹಾಳು ಮಾಡಿದವರು ಬಾಗಿಲು ಹಾಕಿ ಹೋಗಿದ್ದರೆ? ಅಲ್ಲೇ ತೊಡಕು, ಅಲ್ವಾ?

ಆ ತೊಡಕಿಗಾಗಿಯೇ 2025 ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ಬಗ್ಗೆ ಹೊಸ ನಿಯಮ ತಂದಿತು. ಅನುಮಾನ ಇರುವ ಜಾಗಗಳ ಪಟ್ಟಿಯನ್ನು ಊರಿನ ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ವರ್ಷಕ್ಕೆ ಎರಡು ಸಲ ಕೊಡಬೇಕು. ಜನ ದೂರು ಕೊಟ್ಟರೂ ಸಾಕು, ಅದನ್ನೂ ನೋಡಬೇಕು. ಆಮೇಲೆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನಗಳೊಳಗೆ ಮೊದಲ ಪರೀಕ್ಷೆ ಮಾಡಬೇಕು. ಹಾಳು ಮಾಡಿದವರು ಸಿಕ್ಕದಿದ್ದರೆ, ಅಥವಾ ಅವರಿಗೆ ಕೊಡುವ ಶಕ್ತಿ ಇಲ್ಲದಿದ್ದರೆ, ಕೇಂದ್ರ ಮತ್ತು ರಾಜ್ಯ ಸೇರಿ ಖರ್ಚು ಹೊರಬೇಕು. ಗಣಿ ಮತ್ತು ಊರ ಕಸದ ರಾಶಿ ಇದರೊಳಗೆ ಬರುವುದಿಲ್ಲ, ಅವಕ್ಕೆ ಬೇರೆ ಕಾನೂನು ಇದೆ. ಹಾಗಾಗಿ 2005 ರ ಕೊನೆಗೆ ಗಣಿ ನಿಂತ ನಮ್ಮ ಕುದುರೆಮುಖಕ್ಕೆ ಈ ನಿಯಮ ಉಪಯೋಗಕ್ಕೆ ಬಾರದು. ಭದ್ರೆ ಹುಟ್ಟುವ ಬೆಟ್ಟಸಾಲು ಅದು. ನನಗೆ ಇದು ಬೇಸರದ ಸಂಗತಿ.

ಅಮೆರಿಕದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಅದು ಬಂದದ್ದು ಹೀಗೆ. ಅಲ್ಲಿ ಲವ್ ಕೆನಾಲ್ ಅನ್ನುವ ಕಡೆ ಒಂದು ಕಂಪನಿ ತಾನು ವಿಷ ಹೂತ ಜಾಗವನ್ನು 1953 ರಲ್ಲಿ ಒಂದೇ ಡಾಲರಿಗೆ ಶಾಲೆಯವರಿಗೆ ಮಾರಿತು. ಅದರ ಮೇಲೆ ಶಾಲೆ ಬಂತು, ಸುತ್ತ ಮನೆಗಳು ಬಂದವು. 1978 ರಲ್ಲಿ ಜನ ಮನೆ ಬಿಟ್ಟು ಹೋಗಬೇಕಾಯಿತು. ಆ ಪೆಟ್ಟಿನಿಂದ 1980 ರಲ್ಲಿ ಇಂಥ ಜಾಗಗಳನ್ನು ಶುದ್ಧ ಮಾಡಿಸುವ ಕಾನೂನು ಬಂತು. ಆದರೆ ಕಾನೂನಿಗೆ ಹೆದರಿ ಹಳೇ ಕಾರ್ಖಾನೆ ಜಾಗಗಳನ್ನು ಕೊಳ್ಳುವವರೇ ಇಲ್ಲವಾದರು. ಕೊಂಡರೆ ಹಿಂದಿನವರ ಪಾಪ ತಮ್ಮ ತಲೆಗೆ ಬರುತ್ತದಲ್ಲ! ಅದಕ್ಕೇ 1995 ರಿಂದ ಅಲ್ಲಿನ ಸರ್ಕಾರ ಊರಿನ ಆಡಳಿತಗಳಿಗೆ ಹಣ ಕೊಡಲು ಶುರುಮಾಡಿತು. ಕಟ್ಟಡ ಕಟ್ಟಲಿಕ್ಕಲ್ಲ, ಮೊದಲು ಮಣ್ಣು ಮತ್ತು ನೀರಿನ ಪರೀಕ್ಷೆಗೆ. ಕೊಳ್ಳುವ ಮುಂಚೆ ಸರಿಯಾಗಿ ವಿಚಾರಿಸಿದವನಿಗೆ 2002 ರ ಕಾನೂನು ರಕ್ಷಣೆಯನ್ನೂ ಕೊಟ್ಟಿತು. ಒಳಗೆ ಏನಿದೆ ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಮುಂದೆ ಗೋಡೌನ್ ಬರುತ್ತದೋ, ಮಕ್ಕಳ ಪಾರ್ಕ್ ಬರುತ್ತದೋ, ಅದನ್ನು ನೋಡಿ ಎಷ್ಟು ಶುದ್ಧ ಮಾಡಬೇಕು ಅಂತ ತೀರ್ಮಾನಿಸುತ್ತಾರೆ.

ಭದ್ರಾವತಿಯ ಜನರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. 1923 ರಲ್ಲಿ ಕಬ್ಬಿಣದ ಕಾರ್ಖಾನೆ, 1936 ರಲ್ಲಿ ಕಾಗದದ ಕಾರ್ಖಾನೆ ಕಂಡ ಊರು ಅದು. ಕಾಗದದ ಕಾರ್ಖಾನೆ ನಿಂತು ವರ್ಷಗಳಾದವು. ಅಲ್ಲಿನ ಮಣ್ಣು ಕೆಟ್ಟಿದೆ ಅಂತ ನಾನು ಹೇಳುತ್ತಿಲ್ಲ. ಪರೀಕ್ಷೆ ಮಾಡದೆ ಹಾಗೆ ಹೇಳುವುದು ತಪ್ಪು, ಏನೂ ಆಗಿಲ್ಲ ಅನ್ನುವುದೂ ಅಷ್ಟೇ ತಪ್ಪು. ಯಾವ ಹಳೇ ಕಾರ್ಖಾನೆ ಜಾಗಕ್ಕೇ ಆಗಲಿ, ಹೊಸ ಯೋಜನೆಯ ನಕ್ಷೆ ಬರೆಯುವ ಮುಂಚೆ ಮಣ್ಣಿನ ವರದಿ ಬರಬೇಕು. ಅದನ್ನು ಕನ್ನಡದಲ್ಲಿ ಬರೆದು ಪಕ್ಕದ ಬೀದಿಯವರ ಮುಂದೆ ಓದಬೇಕು. ಸರ್ಕಾರ ಮತ್ತು ಕಂಪನಿ ಇಬ್ಬರೇ ಕೂತು ಒಪ್ಪಂದ ಮಾಡಿಕೊಂಡರೆ ಅದು ಅರ್ಧ ಪಾಲುದಾರಿಕೆ. ಬಾವಿ ನೀರು ಸೇದುವವರೂ ಆ ಮೇಜಿನ ಸುತ್ತ ಇರಬೇಕು.

ನಮ್ಮ ಜಾಗದ ಬಗ್ಗೆ ನಾನೇ ಪಂಚಾಯಿತಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ಹೆಸರು ನಮ್ಮದೇ, ಸರ್ವೆ ನಂಬರೂ ನಮ್ಮದೇ. "ಸುಮ್ನೆ ಯಾಕೆ ಮೈಮೇಲೆ ಹಾಕ್ಕೊಳ್ತೀರಿ?" ಅಂತ ಒಬ್ಬರು ಕೇಳಿದರು. ಬಿಂದಿಗೆ ನಮ್ಮ ಜಗುಲಿಗೆ ಬಂದಿತ್ತಲ್ಲ, ಅದಕ್ಕೆ ಅಂದೆ. ಸದ್ಯಕ್ಕೆ ಮನೆ ಹಿಂದಿನ ದರೆ ಮೇಲಿರುವ ನಮ್ಮ ಬಾವಿಯಿಂದ ಆ ಅಮ್ಮನ ಮನೆಗೆ ಪೈಪ್ ಎಳೆದಿದ್ದೇವೆ.

ನಮಸ್ಕಾರ.